ಯೆಶಾಯನನ್ನು ಓದೆಂದ ಬಿಷಪ್: ಕೃತಿಗಳ ಶಿಫಾರಸು ಎಂಬ ಪಾಲನಾಸೇವೆಯ ವಿಮರ್ಶೆ

ಕ್ರಿ.ಶ. 386ರಲ್ಲಿ ಮನಃಪರಿವರ್ತನೆ ಹೊಂದಿದ ಅಗಸ್ಟೀನನು ಮಿಲಾನಿನ ಬಿಷಪ್ ಅಂಬ್ರೋಸನಿಗೆ ಪತ್ರ ಬರೆದು, ತನ್ನ ಹಿಂದಿನ ಅಪರಾಧಗಳನ್ನೂ ಈಗಿನ ಸಂಕಲ್ಪವನ್ನೂ ತಿಳಿಸಿದನು. ದೀಕ್ಷಾಸ್ನಾನಕ್ಕೆ ಸಿದ್ಧನಾಗಲು ಸತ್ಯವೇದದ ಯಾವ ಭಾಗವನ್ನು ಓದುವುದು ಹಿತವೆಂದೂ ಕೇಳಿದನು. ಪ್ರವಾದಿಯಾದ ಯೆಶಾಯನನ್ನು ಓದು ಎಂಬುದು ಅಂಬ್ರೋಸನ ಉತ್ತರವಾಗಿತ್ತು. ಅಗಸ್ಟೀನನು ಓದತೊಡಗಿದನು. ಆರಂಭದ ಭಾಗವೇ ಅವನಿಗೆ ಅರ್ಥವಾಗಲಿಲ್ಲ. ಉಳಿದದ್ದೂ ಹೀಗೆಯೇ ಇರಬಹುದೆಂದು ಬಗೆದು, ಕರ್ತನ ಮಾತಿನ ರೀತಿ ತನಗೆ ಹೆಚ್ಚು ರೂಢಿಯಾದ ಮೇಲೆ ನೋಡೋಣವೆಂದು ಅದನ್ನು ಬದಿಗಿಟ್ಟನು. ‘ಕನ್ಫೆಷನ್ಸ್’ ಗ್ರಂಥದ ಒಂಬತ್ತನೆಯ ಪುಸ್ತಕದಲ್ಲಿ ಅವನೇ ಇದನ್ನು ದಾಖಲಿಸಿದ್ದಾನೆ.

ಯೆಶಾಯನ ಪ್ರವಾದನೆಯಲ್ಲಿ ಕೊರತೆಯಿರಲಿಲ್ಲ. ಅಂಬ್ರೋಸನಿಗಿಂತ ಯೋಗ್ಯನಾದ ಸಲಹೆಗಾರನೂ ಆ ಕಾಲದಲ್ಲಿ ಸುಲಭವಾಗಿ ದೊರೆಯುವಂತಿರಲಿಲ್ಲ. ಸುವಾರ್ತೆಯನ್ನೂ ಅನ್ಯಜನರ ಕರೆಯನ್ನೂ ಮುಂಚಿತವಾಗಿ ಅತ್ಯಂತ ಸ್ಪಷ್ಟವಾಗಿ ಸಾರಿದವನು ಯೆಶಾಯನಾದ್ದರಿಂದ ಅಂಬ್ರೋಸನು ಅವನನ್ನು ಸೂಚಿಸಿರಬಹುದೆಂದು ಅಗಸ್ಟೀನನೇ ಊಹಿಸುತ್ತಾನೆ. ಆದರೂ ಆ ಪುಸ್ತಕ ಆ ಓದುಗನ ಕೈಯಲ್ಲಿ ತೆರೆದುಕೊಳ್ಳಲಿಲ್ಲ. ಅದೇ ತಿಂಗಳುಗಳಲ್ಲಿ ಕಸಿಸಿಯಾಕಮ್ ಎಂಬ ಗ್ರಾಮದ ಮನೆಯಲ್ಲಿ ಅವನ ಹೃದಯವನ್ನು ಹೊತ್ತಿಸಿದ್ದು ದಾವೀದನ ಕೀರ್ತನೆಗಳು. ವಿಶೇಷವಾಗಿ ನಾಲ್ಕನೆಯ ಕೀರ್ತನೆ. ಕೃತಿ ಶ್ರೇಷ್ಠವಾಗಿದ್ದರೂ ಶಿಫಾರಸು ತಪ್ಪಿಹೋಗಬಹುದು. ನಮ್ಮ ಈ ಬರಹದ ಆಧಾರವಾಕ್ಯವೇ ಇದು.

ಇಂದು ಸಭಾಪಾಲಕರು ಮಾಡುವಷ್ಟು ಶಿಫಾರಸುಗಳನ್ನು ಅಂಬ್ರೋಸನು ತನ್ನ ಜೀವಮಾನದಲ್ಲಿ ಮಾಡಿರಲಾರನು. ಯುವಜನ ಶಿಬಿರದಲ್ಲಿ ಓದಬೇಕಾದ ಪುಸ್ತಕಗಳ ಪಟ್ಟಿ ಹಂಚಲಾಗುತ್ತದೆ. ಸ್ತ್ರೀಸಮಾಜದ ಕೂಟದಲ್ಲಿ ಒಂದು ಚಲನಚಿತ್ರ ತೋರಿಸಲಾಗುತ್ತದೆ. ಲೆಂಟ್ ಕಾಲಕ್ಕೆಂದು ಹಾಡುಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತವೆ. ಪ್ರಸಂಗದ ನಡುವೆ ಉದಾಹರಣೆಯಾಗಿ ಹೆಸರಿಸಿದ ಧಾರಾವಾಹಿಯೂ ಪರೋಕ್ಷ ಶಿಫಾರಸೇ ಆಗಿರುತ್ತದೆ. ಪೀಠದಿಂದ ಬಂದ ಹೆಸರಿಗೆ ಪೀಠದ ತೂಕವೂ ಸೇರುತ್ತದೆ. ವ್ಯಾಖ್ಯಾನಕ್ಕೆ, ಪ್ರಸಂಗಕಲೆಗೆ, ಆಪ್ತಸಮಾಲೋಚನೆಗೆ ನಾವು ಶಾಸ್ತ್ರೀಯ ತರಬೇತಿ ಕೊಡುತ್ತೇವೆ. ಈ ಕೆಲಸವನ್ನು ಮಾತ್ರ ವೈಯಕ್ತಿಕ ಅಭಿರುಚಿಗೆ ಬಿಟ್ಟುಬಿಟ್ಟಿದ್ದೇವೆ. ಅದಕ್ಕೂ ಒಂದು ದೈವಶಾಸ್ತ್ರ ಅಗತ್ಯವೆಂಬುದು ನಮ್ಮ ಅಭಿಪ್ರಾಯ.

ಶಿಫಾರಸು ಯಾರ ಪರವಾಗಿ?

ಕನ್ನಡದಲ್ಲಿ ‘ಶಿಫಾರಸು’ ಎಂಬ ಮಾತಿಗೆ ಕಚೇರಿಯ ವಾಸನೆಯಿದೆ. ವರ್ಗಾವಣೆಗೆ, ಕಾಲೇಜಿನ ಸೀಟಿಗೆ, ನೌಕರಿಗೆ ದೊಡ್ಡವರ ಶಿಫಾರಸು ಹಿಡಿದು ಹೋಗುವುದು ನಮಗೆ ಗೊತ್ತಿರುವ ವ್ಯವಹಾರ. ಅಲ್ಲಿ ಪತ್ರ ತಂದವನ ಯೋಗ್ಯತೆಗಿಂತ ಪತ್ರ ಬರೆದವನ ಪ್ರಭಾವವೇ ಮುಖ್ಯ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಪೌಲನು ಇಂತಹ ಪತ್ರಗಳ ಪ್ರಸ್ತಾಪವೆತ್ತುತ್ತಾನೆ. ತನಗೆ ಅಂಥ ಪತ್ರ ಬೇಡವೆನ್ನುತ್ತಾನೆ. ಸಭೆಯ ಜನರೇ ತನ್ನ ಪತ್ರವೆನ್ನುತ್ತಾನೆ. ಪೌಲನ ದೃಷ್ಟಿಯಲ್ಲಿ ಸೇವಕನ ಸೇವೆಯನ್ನು ಪರೀಕ್ಷಿಸುವ ಸ್ಥಳವು ಅವನು ಸೇವೆಮಾಡಿದ ಜನರ ಹೃದಯವೇ.

ಈ ಮಾತನ್ನು ನಮ್ಮ ಪಟ್ಟಿಗಳಿಗೆ ಅನ್ವಯಿಸಿ ನೋಡಬೇಕು. ಒಬ್ಬ ಸಭಾಪಾಲಕನು ಕಾರ್ಲ್ ಬಾರ್ತ್‌ನ ‘ಚರ್ಚ್ ಡಾಗ್ಮ್ಯಾಟಿಕ್ಸ್’ ಅನ್ನು ಸಭೆಯ ಹಿರಿಯರಿಗೆ ಓದಲು ಸೂಚಿಸಿದರೆ, ಆ ಸೂಚನೆಯಿಂದ ಹಿರಿಯರಿಗಾಗುವ ಪ್ರಯೋಜನವೇನು, ಸಭಾಪಾಲಕನ ಗೌರವಕ್ಕಾಗುವ ಲಾಭವೇನು? ನಾವು ಮೆಚ್ಚಿದ ಕೃತಿಯನ್ನು ಇತರರಿಗೆ ಹೇಳುವಾಗ ನಮ್ಮ ಅಭಿರುಚಿಯನ್ನು ಪ್ರದರ್ಶಿಸುವ ಆಸೆಯೂ ಸುಳಿಯುತ್ತದೆ. ಆ ಆಸೆ ಪಾಪವೆಂದು ನಾವು ಹೇಳುತ್ತಿಲ್ಲ. ಆದರೆ ಅದೇ ಮುಂದೆ ನಿಂತಾಗ, ಎದುರಿಗಿರುವ ಮನುಷ್ಯನು ನಮ್ಮ ಕಣ್ಣಿಗೆ ಕಾಣದೆ ಹೋಗುತ್ತಾನೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಗಸ್ಟೀನನ ಜೀವನದಲ್ಲಿಯೇ ಇದೆ. ಪೊಂಟಿಸಿಯಾನುಸ್ ಎಂಬ ಅರಮನೆಯ ಅಧಿಕಾರಿ ಅವನ ಮನೆಗೆ ಬಂದಾಗ ಆಟದ ಮೇಜಿನ ಮೇಲೆ ಪೌಲನ ಪತ್ರಿಕೆಗಳನ್ನು ಕಂಡು ಸಂತೋಷಪಟ್ಟನು. ಮಾತು ಈಜಿಪ್ಟಿನ ಸನ್ಯಾಸಿ ಅಂತೋನಿಯ ಕಡೆಗೆ ತಿರುಗಿತು. ಅಂತೋನಿಯ ಹೆಸರನ್ನೇ ಅಗಸ್ಟೀನನು ಅದುವರೆಗೆ ಕೇಳಿರಲಿಲ್ಲ. ಟ್ರಿಯರ್ ನಗರದಲ್ಲಿ ತನ್ನ ಇಬ್ಬರು ಸಂಗಡಿಗರು ತಿರುಗಾಡುತ್ತಾ ಒಂದು ಗುಡಿಸಿಲಿಗೆ ಹೋಗಿ, ಅಲ್ಲಿ ಅಂತೋನಿಯ ಚರಿತ್ರೆಯನ್ನು ಓದಿ, ರಾಜಸೇವೆಯನ್ನು ಬಿಟ್ಟ ಸಂಗತಿಯನ್ನು ಪೊಂಟಿಸಿಯಾನುಸ್ ವಿವರಿಸಿದನು. ಆ ಪುಸ್ತಕವನ್ನು ನೀನೂ ಓದು ಎಂದು ಅವನು ಒತ್ತಾಯಿಸಿದ ದಾಖಲೆಯಿಲ್ಲ. ಅದು ತನ್ನ ಸ್ನೇಹಿತರಿಗೆ ಏನು ಮಾಡಿತೆಂದು ಹೇಳಿದನು, ಅಷ್ಟೆ. ಅಗಸ್ಟೀನನ ಒಳಗಿನ ಹೋರಾಟ ಉಲ್ಬಣಿಸಿ ತೋಟದ ಆ ಪ್ರಸಿದ್ಧ ಘಟನೆಗೆ ಬಂದು ಮುಟ್ಟಿದ್ದು ಈ ಮಾತುಕತೆಯ ನಂತರವೇ. ಆತಿಥೇಯನ ಮೇಜಿನ ಮೇಲೆ ಏನಿದೆಯೆಂದು ಪೊಂಟಿಸಿಯಾನುಸ್ ಮೊದಲು ನೋಡಿದನು, ಮಾತನಾಡಿದ್ದು ಆಮೇಲೆ.

ಒಬ್ಬನೇ ಲೇಖಕ, ಎರಡು ಪುಸ್ತಕಗಳು

ಕಾಲವನ್ನರಿಯದ ಶಿಫಾರಸು ಎಷ್ಟು ಗಾಯಮಾಡಬಲ್ಲದೆಂಬುದಕ್ಕೆ ಸಿ. ಎಸ್. ಲೂಯಿಸನ ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. 1940ರಲ್ಲಿ ಪ್ರಕಟವಾದ ‘ದಿ ಪ್ರಾಬ್ಲಮ್ ಆಫ್ ಪೇನ್’ ನೋವಿನ ಸಮಸ್ಯೆಯನ್ನು ತರ್ಕದ ಮೂಲಕ ಎದುರಿಸುತ್ತದೆ. ಒಳ್ಳೆಯವನೂ ಸರ್ವಶಕ್ತನೂ ಆದ ದೇವರ ಸೃಷ್ಟಿಯಲ್ಲಿ ಸಂಕಟವೇಕೆ ಎಂಬ ಪ್ರಶ್ನೆಗೆ ಅದು ಶಿಸ್ತಿನ ಉತ್ತರವನ್ನು ಕಟ್ಟುತ್ತದೆ. ಬೌದ್ಧಿಕ ಸಮಸ್ಯೆಯನ್ನು ಬಿಡಿಸುವುದಷ್ಟೇ ತನ್ನ ಉದ್ದೇಶ, ಧೈರ್ಯ ಕಲಿಸುವ ಯೋಗ್ಯತೆ ತನಗಿಲ್ಲ ಎಂದು ಲೇಖಕನೇ ಮುನ್ನುಡಿಯಲ್ಲಿ ಎಚ್ಚರಿಸಿದ್ದಾನೆ. 1960ರ ಜುಲೈಯಲ್ಲಿ ಅವನ ಪತ್ನಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಳು. ಮರುವರ್ಷ ‘ಎ ಗ್ರೀಫ್ ಅಬ್ಸರ್ವ್ಡ್’ ಎಂಬ ಸಣ್ಣ ಪುಸ್ತಕ ಎನ್. ಡಬ್ಲ್ಯೂ. ಕ್ಲರ್ಕ್ ಎಂಬ ಗುಪ್ತನಾಮದಲ್ಲಿ ಹೊರಬಂತು. ಅಲ್ಲಿ ಸಿದ್ಧಾಂತವಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ನಿಂತವನ ಸಿಟ್ಟು, ಭಯ, ನಾಚಿಕೆಗಳಿವೆ. ಕೊನೆಕೊನೆಗೆ ಬಹಳ ನಿಧಾನವಾಗಿ ಮರಳಿ ಬರುವ ಪ್ರಾರ್ಥನೆಯಿದೆ.

ಎರಡರಲ್ಲಿ ಶ್ರೇಷ್ಠವಾದದ್ದು ಯಾವುದು ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಚರ್ಚಿಸಬಹುದು. ಸಾವಾದ ಮನೆಯಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ. ಗಂಡನನ್ನು ಕಳೆದುಕೊಂಡು ಹದಿನೈದು ದಿನವಾಗದ ವಿಧವೆಯ ಕೈಗೆ ಮೊದಲ ಪುಸ್ತಕವನ್ನು ಕೊಡುವವನು, ಯೋಬನ ಸ್ನೇಹಿತರ ಸಾಲಿನಲ್ಲಿ ನಿಲ್ಲುತ್ತಾನೆ. ಆ ಸ್ನೇಹಿತರು ಏಳು ದಿನ ಮೌನವಾಗಿ ನೆಲದ ಮೇಲೆ ಕುಳಿತಿದ್ದಾಗ ಸರಿಯಾಗಿಯೇ ನಡೆದುಕೊಂಡಿದ್ದರು. ಬಾಯಿ ತೆರೆದಾಗ ಕೆಟ್ಟರು. ಎರಡನೆಯ ಪುಸ್ತಕವನ್ನೂ ಆ ದಿನಗಳಲ್ಲಿ ಕೊಡಬೇಕೆಂದೇನಿಲ್ಲ. ಕೆಲವೊಮ್ಮೆ ಯಾವುದನ್ನೂ ಸೂಚಿಸದಿರುವುದೇ ಪಾಲಕನ ಶಿಫಾರಸು. ತರ್ಕದ ಪುಸ್ತಕಕ್ಕೂ ಅದರ ಸಮಯವಿದೆ: ವಿಜ್ಞಾನ ಕಾಲೇಜಿನಲ್ಲಿ ಓದುತ್ತಾ, ದೇವರಿದ್ದರೆ ಇಷ್ಟು ದುಃಖವೇಕೆಂದು ಪ್ರಾಮಾಣಿಕವಾಗಿ ಕೇಳುವ ಹುಡುಗನಿಗೆ ಅದು ದಾರಿ ತೋರೀತು.

‘ಸತ್ಯವಾದದ್ದು’ ಎಂಬ ಮೊದಲ ಅಳತೆ

ನಮ್ಮ ವಲಯಗಳಲ್ಲಿ ಚಲನಚಿತ್ರಗಳ ಮಾತು ಬಂದಾಗ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಎಂಟನೆಯ ವಚನವನ್ನು ಎತ್ತಿ ಹೇಳುವುದು ರೂಢಿ. ಮನಸ್ಸಿಟ್ಟು ಯೋಚಿಸಬೇಕಾದ ಸದ್ಗುಣಗಳನ್ನು ಪೌಲನು ಅಲ್ಲಿ ಪಟ್ಟಿಮಾಡುತ್ತಾನೆ. ಅದರಲ್ಲಿ ಶುದ್ಧವಾದದ್ದು ಎಂಬ ಮಾತನ್ನು ಮಾತ್ರ ಹಿಡಿದು, ಬೈಗುಳವಿಲ್ಲದ, ಚುಂಬನವಿಲ್ಲದ, ಕೊನೆಗೆ ಎಲ್ಲವೂ ಸರಿಹೋಗುವ ಚಿತ್ರವೇ ಕ್ರೈಸ್ತರಿಗೆ ತಕ್ಕದ್ದೆಂದು ತೀರ್ಮಾನಿಸಲಾಗುತ್ತದೆ. ಆದರೆ ಪೌಲನ ಪಟ್ಟಿಯಲ್ಲಿ ಮೊದಲು ಬರುವುದು ಸತ್ಯ, ನ್ಯಾಯವೂ ಅದರಲ್ಲಿದೆ. ಸುಳ್ಳು ಸಮಾಧಾನ ಹೇಳುವ ಭಕ್ತಿಚಿತ್ರ ಆ ಮೊದಲ ಅಳತೆಯಲ್ಲಿಯೇ ಸೋಲುತ್ತದೆ.

ಈ ಅಳತೆಗೆ ನಿಲ್ಲುವ ಒಂದು ಕನ್ನಡ ಚಿತ್ರವನ್ನು ನಾವು ನಿಸ್ಸಂಕೋಚವಾಗಿ ಸೂಚಿಸುತ್ತೇವೆ: ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿದ ಈ ಚಿತ್ರ 1986ರ ಅತ್ಯುತ್ತಮ ಚಲನಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ತಬರನ ಪಾತ್ರ ವಹಿಸಿದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು. ನಿವೃತ್ತನಾದ ಒಬ್ಬ ಕೆಳದರ್ಜೆಯ ಸರ್ಕಾರಿ ನೌಕರ ತನ್ನ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಿದೆ. ಚಿಕಿತ್ಸೆಗೆ ಹಣ ಬೇಕು. ಹಣ ಬರುವ ಹೊತ್ತಿಗೆ ಆಕೆ ಇಲ್ಲ.

ಈ ಚಿತ್ರದಲ್ಲಿ ಕ್ರೈಸ್ತ ಪಾತ್ರದ ಬೋಧನೆಯಾಗಲಿ, ಸತ್ಯವೇದದ ವಚನವಾಗಲಿ ಇಲ್ಲ. ಆದರೆ ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿರುವ ಅನ್ಯಾಯಗಾರನಾದ ನ್ಯಾಯಾಧಿಪತಿ ಮತ್ತು ವಿಧವೆಯ ಸಾಮ್ಯದ ಮೇಲೆ ಪ್ರಸಂಗ ಸಿದ್ಧಪಡಿಸುವವನು ಇದನ್ನು ನೋಡಬೇಕು. ಸಾಮ್ಯದ ವಿಧವೆಗೆ ಕೊನೆಗೆ ನ್ಯಾಯ ಸಿಕ್ಕಿತು. ತಬರನಿಗೆ ಸಕಾಲದಲ್ಲಿ ಸಿಗಲಿಲ್ಲ. ಬೇಸರಗೊಳ್ಳದೆ ಪ್ರಾರ್ಥಿಸಿರಿ ಎಂದು ನಾವು ಪೀಠದಿಂದ ಹೇಳುವಾಗ, ಕೆಳಗೆ ಕುಳಿತವರಲ್ಲಿ ತಬರನೂ ಇದ್ದಾನೆಂಬ ಅರಿವು ನಮಗಿದೆಯೇ? ಇದ್ದರೆ, ಯೇಸು ಆ ಸಾಮ್ಯವನ್ನು ಮುಗಿಸುವಾಗ ಕೇಳಿದ ಪ್ರಶ್ನೆ, ಅಂದರೆ ಮನುಷ್ಯಕುಮಾರನು ಬಂದಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ ಎಂಬುದು, ನಮ್ಮ ಪ್ರಸಂಗದಲ್ಲಿ ಬಿಟ್ಟುಹೋಗಲಾರದು. ಚಿತ್ರವು ಸುವಾರ್ತೆಯನ್ನು ಸಾರುವುದಿಲ್ಲ. ಸುವಾರ್ತೆಯನ್ನು ಅಗ್ಗವಾಗಿ ಸಾರುವುದಕ್ಕೆ ನಮಗೆ ಅವಕಾಶ ಕೊಡುವುದಿಲ್ಲ.

ಕ್ರೈಸ್ತೇತರ ಮೂಲದ ಕೃತಿಗಳ ಬಗ್ಗೆ ಇನ್ನೂ ಅಂಜುವವರು ಒಂದು ಸಂಗತಿಯನ್ನು ನೆನೆಯಲಿ. ಹತ್ತೊಂಬತ್ತರ ಪ್ರಾಯದಲ್ಲಿ ಅಗಸ್ಟೀನನ ಪ್ರಾರ್ಥನೆಗಳನ್ನೇ ದೇವರ ಕಡೆಗೆ ತಿರುಗಿಸಿದ್ದು ಸಿಸೆರೊನ ‘ಹಾರ್ಟೆನ್ಸಿಯುಸ್’ ಎಂಬ ಪುಸ್ತಕವೆಂದು ಅವನು ಕೃತಜ್ಞತೆಯಿಂದ ಬರೆದಿದ್ದಾನೆ. ಅದರಲ್ಲಿ ಕ್ರಿಸ್ತನ ಹೆಸರಿಲ್ಲವೆಂಬ ಕೊರಗನ್ನೂ ಅವನು ಮುಚ್ಚಿಡಲಿಲ್ಲ. ಕೃತಜ್ಞತೆ, ಕೊರಗು ಎರಡನ್ನೂ ಒಟ್ಟಿಗೆ ಹೇಳಬಲ್ಲ ವಿಮರ್ಶೆಯೇ ನಮಗೆ ಮಾದರಿ.

ಗಟ್ಟಿ ಆಹಾರ

ಕೆಲವು ಕೃತಿಗಳು ಶ್ರೇಷ್ಠವೂ ಹೌದು, ಅಪಾಯಕಾರಿಯೂ ಹೌದು. ಶೂಸಾಕು ಎಂಡೊ ಎಂಬ ಜಪಾನಿ ಕಥೋಲಿಕ ಲೇಖಕನ ‘ಸೈಲೆನ್ಸ್’ (1966) ಕಾದಂಬರಿ, ಮತ್ತು ಅದನ್ನಾಧರಿಸಿ ಮಾರ್ಟಿನ್ ಸ್ಕಾರ್ಸೇಸಿ 2016ರಲ್ಲಿ ನಿರ್ಮಿಸಿದ ಚಿತ್ರ ಈ ವರ್ಗಕ್ಕೆ ಸೇರಿದವು. ಹದಿನೇಳನೆಯ ಶತಮಾನದ ಜಪಾನಿನ ಹಿಂಸೆಯ ಕಾಲದಲ್ಲಿ ಯಾಜಕ ರೊಡ್ರಿಗಸ್, ಇತರರನ್ನು ಯಾತನೆಯಿಂದ ಬಿಡಿಸಲು ಕ್ರಿಸ್ತನ ಚಿತ್ರವನ್ನು ತುಳಿಯುತ್ತಾನೆ. ಅದು ಧರ್ಮತ್ಯಾಗವೋ ಪ್ರೀತಿಯ ಪರಾಕಾಷ್ಠೆಯೋ ಎಂಬುದನ್ನು ಎಂಡೊ ಓದುಗನ ಮನಸ್ಸಾಕ್ಷಿಗೆ ಬಿಡುತ್ತಾನೆ. ಕಾದಂಬರಿಯ ಬಲವೂ ಇಲ್ಲಿದೆ, ನಮ್ಮ ಆಕ್ಷೇಪವೂ ಇಲ್ಲಿಯೇ ಹುಟ್ಟುತ್ತದೆ: ಯಾಜಕನ ಅಂತರಂಗಕ್ಕೆ ಸಿಕ್ಕ ಪುಟಗಳು, ಅವನಿಗಿಂತ ಮೊದಲು ಸಮುದ್ರದ ಕಂಬಗಳಿಗೆ ಕಟ್ಟಲ್ಪಟ್ಟು ಪ್ರಾಣಬಿಟ್ಟ ಬಡ ರೈತರ ಅಂತರಂಗಕ್ಕೆ ಸಿಕ್ಕಿಲ್ಲ. ಅವರ ನಂಬಿಕೆಯನ್ನು ನಾವು ದೂರದಿಂದಲೇ ನೋಡುತ್ತೇವೆ. ಅಭಿಷೇಕಕ್ಕೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಈ ಕಾದಂಬರಿಯನ್ನು ಒಟ್ಟಿಗೆ ಕುಳಿತು ಓದಿ ವಾದಿಸುವುದು ಒಳ್ಳೆಯದು. ನಂಬಿಕೆಯ ನಿಮಿತ್ತ ಮನೆಯವರಿಂದ ಈಗಷ್ಟೇ ದೂರವಾದ ಹೊಸ ವಿಶ್ವಾಸಿಗೆ ಅದನ್ನು ಒಂಟಿಯಾಗಿ ಓದಲು ಕೊಡುವುದು ನಿರ್ದಯತೆ.

ಪೋಲೆಂಡಿನ ದೂರದರ್ಶನಕ್ಕಾಗಿ ಕ್ರಿಸ್ಟೋಫ್ ಕೀಸ್ಲೋವ್‌ಸ್ಕಿ 1980ರ ದಶಕದ ಕೊನೆಯಲ್ಲಿ ನಿರ್ಮಿಸಿದ ‘ಡೆಕಲಾಗ್’ ಸರಣಿಯ ಬಗ್ಗೆಯೂ ಇದೇ ಮಾತು. ಸುಮಾರು ಒಂದೊಂದು ಗಂಟೆಯ ಹತ್ತು ಕಂತುಗಳು. ವಾರ್ಸಾದ ಒಂದು ವಸತಿ ಸಮುಚ್ಚಯದ ನಿವಾಸಿಗಳ ಬದುಕಿನಲ್ಲಿ ದಶಾಜ್ಞೆಗಳು ಹೇಗೆ ಎದುರಾಗುತ್ತವೆಂಬುದು ವಿಷಯ. ಆಜ್ಞೆಗಳನ್ನು ವಿವರಿಸುವ ಗೋಜಿಗೆ ಹೋಗದೆ, ಅವುಗಳ ಭಾರವನ್ನು ಮಾತ್ರ ಅನುಭವಕ್ಕೆ ತರುವ ಈ ಸರಣಿ, ನೀತಿಶಾಸ್ತ್ರದ ತರಗತಿಗೆ ಅಪೂರ್ವ ಸಂಪತ್ತು. ಐದನೆಯ ಕಂತು ಕೊಲೆಗಾರನ ಕೊಲೆಯನ್ನೂ ರಾಜ್ಯ ವಿಧಿಸುವ ಗಲ್ಲನ್ನೂ ಒಂದರ ಪಕ್ಕ ಒಂದಿಡುತ್ತದೆ. ಆದರೆ ಮೊದಲ ಕಂತಿನಲ್ಲಿ, ಮಂಜುಗಡ್ಡೆ ಎಷ್ಟು ಭಾರ ತಡೆಯುವುದೆಂದು ಗಣಕಯಂತ್ರದಿಂದ ಲೆಕ್ಕಹಾಕಿದ ತಂದೆಯ ಮಗು ಅದೇ ಮಂಜು ಒಡೆದು ಸಾಯುತ್ತದೆ. ಮಗುವನ್ನು ಕಳೆದುಕೊಂಡ ತಂದೆತಾಯಿಗಳು ನಮ್ಮ ಸಭೆಯಲ್ಲಿರುವಾಗ, ಏನನ್ನೂ ಮುಂಚಿತವಾಗಿ ತಿಳಿಸದೆ ಅದನ್ನು ಸಭಾಗೃಹದ ಪರದೆಯ ಮೇಲೆ ತೋರಿಸಬಹುದೇ? ಶಿಶುಗಳಿಗೆ ಹಾಲು, ಪ್ರೌಢರಿಗೆ ಗಟ್ಟಿ ಆಹಾರ ಎಂಬ ಇಬ್ರಿಯರಿಗೆ ಬರೆದ ಪತ್ರಿಕೆಯ ವಿವೇಚನೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಪ್ರೌಢತೆಯೊಂದಿಗೆ ಗಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾವು ಸೇರಿಸುತ್ತೇವೆ.

ಭಾಷೆಯ ಪ್ರಶ್ನೆ

ಇದುವರೆಗೆ ನಾವು ಹೆಸರಿಸಿದ ಕೃತಿಗಳಲ್ಲಿ ಹೆಚ್ಚಿನವು ಕನ್ನಡದವಲ್ಲ. ಇದು ನಮ್ಮೆಲ್ಲರ ಪಟ್ಟಿಗಳ ರೋಗಲಕ್ಷಣ. ದೈವಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತವರು, ಕನ್ನಡದಲ್ಲಿ ಪ್ರಾರ್ಥಿಸುವ ಸಭೆಗೆ ಇಂಗ್ಲಿಷ್ ಪುಸ್ತಕಗಳನ್ನು ಸೂಚಿಸುತ್ತಾರೆ. ಸಭೆ ತಲೆಯಾಡಿಸಿ ಸುಮ್ಮನಾಗುತ್ತದೆ. ನಮ್ಮ ಹಿಂದಿನವರು ಹೀಗೆ ಮಾಡಲಿಲ್ಲ. ಬನ್ಯನ್‌ನ ಪ್ರಸಿದ್ಧ ರೂಪಕಕಥೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂತು. ಆ ಮಿಷನರಿಗಳು ತಮಗೆ ಪ್ರಿಯವಾದ ಪುಸ್ತಕವನ್ನು ಓದಿರೆಂದು ಹೇಳಿ ಸುಮ್ಮನಾಗದೆ, ಅನುವಾದದ ಶ್ರಮವನ್ನೂ ಅಚ್ಚಿನ ಖರ್ಚನ್ನೂ ಹೊತ್ತರು.

ಕನ್ನಡದಲ್ಲಿ ಈಗಾಗಲೇ ಇರುವುದನ್ನೂ ನಾವು ಕಡೆಗಣಿಸಿದ್ದೇವೆ. ಮಂಜೇಶ್ವರದ ರಾಷ್ಟ್ರಕವಿ ಎಂ. ಗೋವಿಂದ ಪೈಗಳು (1883–1963) ಕ್ರಿಸ್ತನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದರು. ಬುದ್ಧನ ಕಡೆಯ ದಿನವನ್ನು ಕುರಿತ ‘ವೈಶಾಖಿ’ಯನ್ನು ಬರೆದವರೂ ಅವರೇ. ಕ್ರೈಸ್ತರಲ್ಲದ ಕವಿಯೊಬ್ಬರು ಶಿಲುಬೆಯ ಮುಂದೆ ಇಷ್ಟು ಗೌರವದಿಂದ ನಿಂತ ಕೃತಿ ನಮ್ಮ ಭಾಷೆಯಲ್ಲಿಯೇ ಇರುವಾಗ, ಶುಭಶುಕ್ರವಾರದ ಧ್ಯಾನಗಳಲ್ಲಿ ಅದರ ಹೆಸರು ಅಪರೂಪವಾಗಿ ಕೇಳಿಬರುವುದು ನಮಗೆ ಶೋಭೆಯಲ್ಲ. ಅದರ ಭಾಷೆ ಪ್ರೌಢ, ಮೊದಲ ಓದಿಗೆ ಕಠಿಣ. ಆದ್ದರಿಂದಲೇ ಅದನ್ನು ಓದಿಹೇಳುವವರು ಬೇಕು. ಹಳ್ಳಿಯ ಸಭೆಯೊಂದರಲ್ಲಿ ಕನ್ನಡ ಮೇಷ್ಟರೊಬ್ಬರಿದ್ದರೆ, ಸಭಾಪಾಲಕನು ಅವರನ್ನು ಕರೆದು ಅವರಿಂದ ಓದಿಸಲಿ. ಆ ಸಂಜೆ ತಾನು ಕೇಳುಗನಾಗಿ ಕುಳಿತುಕೊಳ್ಳಲಿ.

ಸಂಗೀತದಲ್ಲಿ ಭಾಷೆಯ ತೊಡಕು ಬೇರೆ ರೀತಿಯದು. ಬಾಖ್‌ನ ‘ಮತ್ತಾಯನ ಶ್ರಮಚರಿತ್ರೆ’ ಸುಮಾರು ಮೂರು ಗಂಟೆಗಳ ಜರ್ಮನ್ ಸಂಗೀತಕೃತಿ. ಅದನ್ನು ಪೂರ್ತಿ ಕೇಳಿರೆಂದು ಹೇಳಿದರೆ ಬಹುತೇಕ ಜನ ಹತ್ತು ನಿಮಿಷದಲ್ಲಿ ನಿಲ್ಲಿಸಿಬಿಡುತ್ತಾರೆ. ಅದು ಅನುಸರಿಸುವುದು ಮತ್ತಾಯನ ಸುವಾರ್ತೆಯ 26 ಮತ್ತು 27ನೆಯ ಅಧ್ಯಾಯಗಳನ್ನು. ಕನ್ನಡ ಸತ್ಯವೇದವನ್ನು ತೆರೆದಿಟ್ಟು, ಪೇತ್ರನು ಹೊರಗೆ ಹೋಗಿ ಅತ್ತ ವಚನವನ್ನು ಓದಿ, ಅದರ ಬೆನ್ನಿಗೆ ಪಿಟೀಲಿನೊಂದಿಗೆ ಬರುವ ಕರುಣೆಯ ಯಾಚನೆಯ ಏಕಗಾನವನ್ನು ಮಾತ್ರ ಕೇಳಿಸಿದರೆ ಸಾಕು. ಏಳೆಂಟು ನಿಮಿಷ. ಪಶ್ಚಾತ್ತಾಪಕ್ಕೆ ಅನುವಾದ ಬೇಕಿಲ್ಲವೆಂಬುದು ಆಗ ತಿಳಿಯುತ್ತದೆ. ಉಳಿದದ್ದನ್ನು ಕೇಳಬೇಕೆನಿಸಿದವರು ತಾವೇ ಕೇಳುತ್ತಾರೆ.

ರಥದ ಮೇಲೆ ಹತ್ತಿ ಕುಳಿತವನು

ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ ರಥದಲ್ಲಿ ಕುಳಿತು ಓದುತ್ತಿದ್ದದ್ದು ಇದೇ ಯೆಶಾಯನನ್ನು. ಅವನಿಗೂ ಅದು ಅರ್ಥವಾಗಿರಲಿಲ್ಲ. ಆದರೆ ಅಲ್ಲಿ ಪುಸ್ತಕ ಬದಿಗೆ ಸರಿಯಲಿಲ್ಲ. ಫಿಲಿಪ್ಪನು ಓಡಿಬಂದು, ಓದುತ್ತಿರುವುದು ತಿಳಿಯುತ್ತಿದೆಯೇ ಎಂದು ವಿಚಾರಿಸಿ, ಆಹ್ವಾನ ಬಂದ ಮೇಲೆ ರಥವನ್ನು ಹತ್ತಿ ಪಕ್ಕದಲ್ಲಿ ಕುಳಿತನು. ಕಂಚುಕಿ ಆಗಲೇ ಓದುತ್ತಿದ್ದ ಸಾಲಿನಿಂದಲೇ ಫಿಲಿಪ್ಪನು ಆರಂಭಿಸಿದನು. ತನಗಿಷ್ಟವಾದ ಬೇರೊಂದು ಭಾಗಕ್ಕೆ ಅವನನ್ನು ಎಳೆಯಲಿಲ್ಲ. ದೀಕ್ಷಾಸ್ನಾನವಾದ ಬಳಿಕ ಫಿಲಿಪ್ಪನು ಕಾಣದಾದನು, ಕಂಚುಕಿ ಸಂತೋಷದಿಂದ ತನ್ನ ದಾರಿ ಹಿಡಿದನು. ಶಿಫಾರಸು ಮಾಡಿದವನು ಕೊನೆಯಲ್ಲಿ ಮರೆಯಾಗಬೇಕೆಂಬುದೂ ಈ ವೃತ್ತಾಂತದ ಬೋಧನೆ.

ಜನರು ಈಗಾಗಲೇ ಏನನ್ನು ಓದುತ್ತಿದ್ದಾರೆ, ಏನನ್ನು ನೋಡುತ್ತಿದ್ದಾರೆಂದು ವಿಚಾರಿಸುವ ಪಾಲಕರು ಎಷ್ಟು ಮಂದಿ? ಮನೆಭೇಟಿಯಲ್ಲಿ ಅಜ್ಜಿಯೊಬ್ಬರು ತಾವು ದಿನವೂ ನೋಡುವ ಧಾರಾವಾಹಿಯ ಸೊಸೆಯ ಕಷ್ಟವನ್ನು ಹೇಳತೊಡಗಿದರೆ ನಾವು ಮುಗುಳ್ನಕ್ಕು ಮಾತು ಬದಲಿಸುತ್ತೇವೆ. ಅವರು ಆ ಸೊಸೆಯ ಮೂಲಕ ತಮ್ಮದೇ ಕಥೆಯನ್ನು ಹೇಳುತ್ತಿರಬಹುದು. ಯುವಕನು ನಮಗೊಂದು ಹಾಡನ್ನು ಕಳುಹಿಸಿ ಕೇಳಿರೆಂದರೆ, ಅದು ಅವನು ಬಿಡಿಸಿ ಹೇಳಲಾರದ ಪಾಪನಿವೇದನೆಯೋ ಸ್ತೋತ್ರವೋ ಆಗಿರಬಹುದು. ಶಿಫಾರಸುಗಳನ್ನು ಸ್ವೀಕರಿಸಲು ಕಲಿಯದವನಿಗೆ ಕೊಡುವ ಅರ್ಹತೆಯೂ ಬರುವುದಿಲ್ಲ.

ಆದಕಾರಣ ಸೇವೆಗೆ ಹೊರಡುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ಮುಂದಿನ ಲೆಂಟ್ ಕಾಲದಲ್ಲಿ ಸಭೆಗೆಲ್ಲ ಒಂದೇ ಪಟ್ಟಿಯನ್ನು ಹಂಚಬೇಡಿರಿ. ಸಭೆಯಲ್ಲಿ ಮೂವರನ್ನು ಆರಿಸಿಕೊಳ್ಳಿರಿ. ಅವರು ಮೆಚ್ಚಿದ ಒಂದೊಂದು ಪುಸ್ತಕವನ್ನೋ ಹಾಡನ್ನೋ ಚಿತ್ರವನ್ನೋ ಮೊದಲು ಅವರಿಂದ ಕೇಳಿ ತಿಳಿದು, ಅದನ್ನು ಪೂರ್ತಿಯಾಗಿ ಓದಿರಿ, ಕೇಳಿರಿ, ನೋಡಿರಿ. ಅನಂತರ ಆ ಮೂವರಿಗೂ ಬೇರೆಬೇರೆಯಾಗಿ, ಪ್ರಾರ್ಥನೆಯಿಂದ ಯೋಚಿಸಿ, ಒಂದೊಂದೇ ಕೃತಿಯನ್ನು ಸೂಚಿಸಿರಿ. ಅದನ್ನು ಅವರೊಂದಿಗೆ ಕುಳಿತು ಓದುವುದಕ್ಕೆ ದಿನವನ್ನೂ ಗೊತ್ತುಮಾಡಿರಿ. ಅವರಿಗೆ ಅದು ಹಿಡಿಸದಿದ್ದರೆ ಬೇಸರಿಸದೆ ಕಾರಣವನ್ನು ಕೇಳಿರಿ. ಈಸ್ಟರ್ ಕಳೆದ ಮೇಲೆ ನಾಲ್ಕನೆಯವರ ಮನೆಯ ಬಾಗಿಲನ್ನು ತಟ್ಟಿರಿ.